ಬಾಹಿಯಾ ದೆ ಲಾಸ್ ಆಗಿಲಾಸ್: 300 ಕಿ.ಮೀ. ಕಾರು, ಆಮೇಲೆ ದೋಣಿ, ಆಮೇಲೆ ಬರೀ ಮರಳು

ಮೊದಲೇ ಅಂಕ ಹೇಳಿಬಿಡುತ್ತೇನೆ. ಬೀಚಿಗೆ ಐದಕ್ಕೆ ಐದು, ದೋಣಿಯವರಿಗೂ ಐದು, ನಾವು ಬಾಡಿಗೆಗೆ ತಗೊಂಡ ಕಾರಿಗೆ ಎರಡು.

ಕೆರಿಬಿಯನ್ ಸಮುದ್ರದ ದೇಶ ಡೊಮಿನಿಕನ್ ರಿಪಬ್ಲಿಕ್ಕಿಗೆ ಹೋಗುವ ನಮ್ಮವರು ಹೆಚ್ಚಾಗಿ ಪುಂಟಾ ಕಾನಾದಲ್ಲಿ ಇಳಿದು, ರೆಸಾರ್ಟಿನ ಗೇಟು ದಾಟದೆ ನಾಲ್ಕು ದಿನ ಇದ್ದು ಬರುತ್ತಾರೆ. ನಾವು ಫೆಬ್ರವರಿಯಲ್ಲಿ ದೇಶದ ಇನ್ನೊಂದು ತುದಿಗೆ, ಹೈಟಿ ಗಡಿಗೆ ಅಂಟಿಕೊಂಡಿರುವ ಪೆದೆರ್ನಾಲೆಸ್ ಪ್ರಾಂತ್ಯಕ್ಕೆ ಹೋದೆವು. ಅಲ್ಲಿ ಹಾರಾಗ್ವಾ ರಾಷ್ಟ್ರೀಯ ಉದ್ಯಾನದ ಒಳಗೆ ಈ ಬೀಚಿದೆ. ಹೆಸರಿನ ಅರ್ಥ ಹದ್ದುಗಳ ಕೊಲ್ಲಿ. ಸುಮಾರು 8 ಕಿ.ಮೀ. ಬಿಳಿ ಮರಳು, ಒಂದು ಹೋಟೆಲಿಲ್ಲ, ಅಂಗಡಿಯಿಲ್ಲ, ಕುಡಿಯುವ ನೀರಿಲ್ಲ. ನಮಗೆ ಬೇಕಾಗಿದ್ದೂ ಅದೇ.

ಜೊತೆಗೆ ಅಮ್ಮ ಇದ್ದರು, ಶಿವಮೊಗ್ಗದಿಂದ ನಮ್ಮನ್ನು ನೋಡಲು ಅಮೆರಿಕಕ್ಕೆ ಬಂದವರು. ಭಾರತದ ಪಾಸ್‌ಪೋರ್ಟಿಗೆ ಬೇರೆ ವೀಸಾ ಬೇಕಾಗುತ್ತದೇನೋ ಎಂದು ಹೆದರಿದ್ದೆವು. ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಪ್ರವಾಸಕ್ಕೆ ಅದೇ ಸಾಕು. ಮನೆಯಲ್ಲೇ ಆನ್‌ಲೈನಿನಲ್ಲಿ ಇ-ಟಿಕೆಟ್ ಎಂಬ, ದೇಶದೊಳಗೆ ಬರುವವರ ಫಾರಂ ತುಂಬಿಸಿಕೊಂಡು ಹೋಗಿ, ಅದಕ್ಕೆ ದುಡ್ಡಿಲ್ಲ.

ಈಗ ದಾರಿ. ರಾಜಧಾನಿ ಸಾಂತೊ ದೊಮಿಂಗೊದಿಂದ ಬಾನಿ, ಅಸುವಾ ದಾಟಿ ಬಾರಾಓನಾಕ್ಕೆ ಸುಮಾರು 200 ಕಿ.ಮೀ., ಅಲ್ಲಿಂದ ಪೆದೆರ್ನಾಲೆಸ್‌ಗೆ ಇನ್ನೂ ನೂರಿಪ್ಪತ್ತು ಚಿಲ್ಲರೆ. ಒಂದೇ ದಿನದಲ್ಲಿ ಮುಗಿಸಬಹುದು, ಆದರೆ ದಯವಿಟ್ಟು ಹಾಗೆ ಮಾಡಬೇಡಿ. ಬಾರಾಓನಾ ದಾಟಿದ ಮೇಲಿನ 44ನೇ ರಸ್ತೆ ಓಡಿಸಿಕೊಂಡು ಹೋಗಿ ಮುಗಿಸುವ ರಸ್ತೆ ಅಲ್ಲ. ಬಲಗಡೆ ಬಾಓರುಕೊ ಬೆಟ್ಟ, ಎಡಗಡೆ ಕೆಳಗೆ ಸಮುದ್ರ, ತಿರುವು ತಿರುವಿಗೂ ನೀಲಿಯ ಬಣ್ಣ ಬೇರೆ. ಲಾರಿಮಾರ್ ಎಂಬ ತಿಳಿನೀಲಿ ಕಲ್ಲು ಸಿಗುವುದು ಈ ಬಾರಾಓನಾ ಬೆಟ್ಟಗಳಲ್ಲಿ ಮಾತ್ರ, ಆ ಸಮುದ್ರ ನೋಡಿದ ಮೇಲೆ ಆ ಕಲ್ಲು ನೋಡಿದರೆ ಎರಡೂ ಒಂದೇ ಬಣ್ಣ ಅನಿಸುತ್ತದೆ. ಅಮ್ಮ ದಾರಿಬದಿಯಲ್ಲಿ ಒಂದು ಸಣ್ಣ ಪದಕ ಕೊಂಡರು. ಮುಂದೆ ಲೋಸ್ ಪಾತೋಸ್ ಎಂಬ ಊರಿನಲ್ಲಿ ಬುಗ್ಗೆಯಿಂದ ಹುಟ್ಟಿದ ನದಿ 61 ಮೀಟರ್ ಹರಿದು ಸಮುದ್ರ ಸೇರಿಬಿಡುತ್ತದೆ. ನೀರು ಐಸಿನಷ್ಟು ತಣ್ಣಗೆ. ಮಗಳು ಒಂದು ಗಂಟೆ ಹೊರಗೇ ಬರಲಿಲ್ಲ.

ಊಟದ ಬಗ್ಗೆ ಜಾಸ್ತಿ ಬರೀತೀನಿ, ಯಾಕಂದ್ರೆ ಸಸ್ಯಾಹಾರಿಗಳು ಕೇಳೋದೇ ಅದನ್ನ. ಇಲ್ಲಿ ಗ್ವಾಂದೂಲೆಸ್ ಅಂತ ಒಂದು ಕಾಳಿದೆ. ತಟ್ಟೆ ಮುಂದೆ ಬಂದಾಗ ಅಮ್ಮ ಒಂದು ಕಾಳು ಬಾಯಿಗೆ ಹಾಕಿಕೊಂಡು "ಇದು ತೊಗರಿ ಕಾಳು ಕಣೇ" ಅಂದರು. ತೊಗರಿಯೇ! ಹಸಿ ತೊಗರಿಯನ್ನು ಅನ್ನದ ಜೊತೆ ಬೇಯಿಸಿ ಮೋರೊ ಮಾಡುತ್ತಾರೆ, ಕೆಲವು ಕಡೆ ತೆಂಗಿನ ಹಾಲೂ ಹಾಕುತ್ತಾರೆ. ಅದರ ಜೊತೆ ಬಾಳೆಕಾಯಿಯನ್ನು ಜಜ್ಜಿ ಎರಡು ಸಲ ಕರಿದ ತೋಸ್ತೋನೆಸ್, ಬೆಣ್ಣೆಹಣ್ಣಿನ ಹೋಳು. ಬೇರೇನು ಬೇಕು ಹೇಳಿ? ಆದರೆ ಮೋರೊಗೆ ಕೋಳಿ ಸಾರಿನ ಕ್ಯೂಬ್ ಹಾಕುವುದು ಅಲ್ಲಿ ಮಾಮೂಲು. "ಸಿನ್ ಸೋಪಿತಾ" ಎಂದು ಕೇಳಿ, ಅಂದರೆ ಕ್ಯೂಬ್ ಬೇಡ ಅಂತ. ಹೊಸದಾಗಿ ಮಾಡುವ ಕಡೆ ಬಿಟ್ಟು ಮಾಡಿಕೊಡುತ್ತಾರೆ. ಮೊದಲೇ ಮಾಡಿಟ್ಟಿದ್ದರೆ ತೋಸ್ತೋನೆಸ್ ತಿಂದು ಮುಂದೆ ಹೋಗಿ.

ಕಾರಿನ ದೂರು ಇಲ್ಲಿದೆ. ರಾಜಧಾನಿಯ ಬಾಡಿಗೆ ಅಂಗಡಿಯವರು ಸ್ಟೆಪ್ನಿ, ಜಾಕ್ ಎಲ್ಲ ಇದೆ ಎಂದು ಸಹಿ ಹಾಕಿಸಿಕೊಂಡರು. ಓವಿಯೆದೊ ಹತ್ತಿರ ಟೈರು ಕೂತಾಗ ಡಿಕ್ಕಿ ತೆಗೆದರೆ ಜಾಕೇ ಇಲ್ಲ! ಬಿಸಿಲು ಅಂದರೆ ಬಿಸಿಲು, ಎರಡೂ ಕಡೆ ಕಳ್ಳಿಗಿಡ, ಫೋನಿನಲ್ಲಿ ಸಿಗ್ನಲ್ ಬಂದು ಹೋಗಿ ಮಾಡುತ್ತಿತ್ತು. ವಯಸ್ಸಾದ ಅಮ್ಮನನ್ನು ಆ ಬಿಸಿಲಲ್ಲಿ ಕೂರಿಸಿದ್ದಕ್ಕೆ ನನಗೆ ಇವತ್ತಿಗೂ ಆ ಅಂಗಡಿಯವರ ಮೇಲೆ ಸಿಟ್ಟಿದೆ. ಮೋಟರ್‌ಬೈಕಿನಲ್ಲಿ ಬಂದ ಇಬ್ಬರು ಹುಡುಗರು ನಿಂತು, ಒಬ್ಬ ನಮ್ಮ ಜೊತೆ ಉಳಿದು, ಇನ್ನೊಬ್ಬ ಊರಿಗೆ ಹೋಗಿ ಜಾಕ್ ತಂದ. ಟೈರು ರಿಪೇರಿ ಅಂಗಡಿಗೆ ಅಲ್ಲಿ ಗೊಮೆರಾ ಅನ್ನುತ್ತಾರೆ, ಆ ಪದ ನೆನಪಿಟ್ಟುಕೊಳ್ಳಿ. ಕಾರು ತಗೊಳ್ಳುವಾಗ ಡಿಕ್ಕಿ ತೆಗೆಸಿ ಒಂದೊಂದನ್ನೂ ಕಣ್ಣಾರೆ ನೋಡಿ. ಪೆಟ್ರೋಲು ಬಾರಾಓನಾದಲ್ಲೇ ಫುಲ್ ಮಾಡಿಸಿ, ಕೈಯಲ್ಲಿ ಪೆಸೊ ನಗದು ಇಟ್ಟುಕೊಳ್ಳಿ. ಗಡಿ ಹತ್ತಿರವಾದ್ದರಿಂದ ಸೈನಿಕರ ತಪಾಸಣೆ ಇರುತ್ತದೆ, ಪಾಸ್‌ಪೋರ್ಟ್ ಕೈಗೆ ಸಿಗುವ ಹಾಗಿರಲಿ. ನಮ್ಮನ್ನು ನೋಡಿ ನಕ್ಕು ಮುಂದೆ ಬಿಟ್ಟರು.

ಎರಡನೇ ರಾತ್ರಿ ಪೆದೆರ್ನಾಲೆಸ್‌ನಲ್ಲಿ ಉಳಿದು, ಬೆಳಗ್ಗೆ ಕಾಬೊ ರೋಹೊ ಮೇಲೆ ಲಾ ಕ್ಯುಯೆವಾ ಎಂಬ ಮೀನುಗಾರರ ದಡಕ್ಕೆ ಬಂದೆವು. ಕಾಬೊ ರೋಹೊ ಅಂದರೆ ಕೆಂಪು ಭೂಶಿರ. ಅಮೆರಿಕದ ಅಲ್ಕೋವಾ ಕಂಪನಿ ಇಲ್ಲಿಂದ ವರ್ಷಗಟ್ಟಲೆ ಬಾಕ್ಸೈಟ್, ಅಂದರೆ ಅಲ್ಯೂಮಿನಿಯಂ ಅದಿರು ಸಾಗಿಸಿತ್ತು, ಆ ಕೆಂಪು ಮಣ್ಣು ಇನ್ನೂ ಹಾಗೇ ಇದೆ. ಸಂಡೂರಿಗೆ ಹೋಗಿ ಬಂದ ಕಾರಿನ ಹಾಗೆ ನಮ್ಮ ಬಿಳಿ ಕಾರು ಕೆಂಪಾಗಿತ್ತು.

ಲಾ ಕ್ಯುಯೆವಾದಿಂದ ಬೀಚಿಗೆ ಜೀಪಿನ ದಾರಿಯೂ ಇದೆ. ಬೇಡ. ಅಲ್ಲಿನ ಚೂಪು ಸುಣ್ಣಕಲ್ಲಿಗೆ ಊರಿನವರು ನಾಯಿಹಲ್ಲು ಅಂತಲೇ ಕರೆಯುತ್ತಾರೆ, ಟೈರು ಉಳಿಯಲ್ಲ. ದೋಣಿಯೇ ಸರಿ. ಬಾಡಿಗೆ ಇಡೀ ದೋಣಿಗೆ, ಹಾಗಾಗಿ ಜನ ಸೇರಿದಷ್ಟೂ ತಲೆಗೆ ಕಡಿಮೆ ಬೀಳುತ್ತದೆ. ಪಾರ್ಕಿನ ಟಿಕೆಟ್ ಬೇರೆ. ಎಲ್ಲರಿಗೂ ಲೈಫ್ ಜಾಕೆಟ್ ಕೊಟ್ಟರು, ಮಗಳ ಅಳತೆಯದು ಹುಡುಕಿ ತಂದು ತಾವೇ ಕಟ್ಟಿದರು. ಬಂಡೆಗಳ ಪಕ್ಕದಲ್ಲೇ ನಿಧಾನಕ್ಕೆ ಹೋಗುತ್ತಾ, ಹೆಜ್ಜಾರ್ಲೆಗಳು ಕೂತಿದ್ದ ಕಡೆ ಇಂಜಿನ್ ನಿಲ್ಲಿಸಿ ತೋರಿಸಿದರು. ಸುಮಾರು ಕಾಲು ಗಂಟೆಯ ದಾರಿ.

ಆಮೇಲೆ ಬಂಡೆ ಮುಗಿಯಿತು, ಬೀಚು ಕಾಣಿಸಿತು. ದೋಣಿಯಲ್ಲಿ ಯಾರೂ ಮಾತಾಡಲಿಲ್ಲ. ನೀರು ಎಷ್ಟು ತಿಳಿ ಅಂದರೆ ದೋಣಿಯ ನೆರಳು ತಳದ ಮರಳಿನ ಮೇಲೆ ನಮ್ಮ ಜೊತೆಗೇ ಬರುತ್ತಿತ್ತು. ನಾವಿದ್ದ ಅಷ್ಟೂ ಹೊತ್ತು ಕಂಡವರು ಒಂಬತ್ತು ಜನ. ಅಲೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಅಮ್ಮ ಎದೆಮಟ್ಟದ ನೀರಿನಲ್ಲಿ ಸುಮ್ನೆ ನಿಂತೇ ಇದ್ದರು. ನೆರಳು ಮಾತ್ರ ಸಿಗಲ್ಲ. ಛತ್ರಿ, ತಲೆಗೆ ಮೂರು ಲೀಟರ್ ನೀರು, ಊಟ, ಕಸಕ್ಕೆ ಚೀಲ, ಎಲ್ಲ ನೀವೇ ಒಯ್ಯಬೇಕು, ಕಸ ವಾಪಸ್ ತರಬೇಕು. ಕಡಲಾಮೆಗಳು ಮೊಟ್ಟೆ ಇಡುವ ದಡ ಅದು. ನಕ್ಷತ್ರಮೀನನ್ನು ಫೋಟೋಗೋಸ್ಕರ ನೀರಿನಿಂದ ಎತ್ತಬೇಡಿ, ಶಂಖ ಚೀಲಕ್ಕೆ ಹಾಕಿಕೊಳ್ಳಬೇಡಿ.

ಹೋಗುವ ಮನಸ್ಸಿದ್ದರೆ ಬೇಗ ಹೋಗಿ ಅನ್ನುವುದಕ್ಕೆ ಕಾರಣ ಇದೆ. 1990ರ ದಶಕದಲ್ಲಿ ಈ ದಡದ ಸರ್ಕಾರಿ ಜಮೀನು ಮೋಸದ ಪತ್ರಗಳಿಂದ ಖಾಸಗಿಯವರ ಹೆಸರಿಗೆ ಹೋಗಿತ್ತು. ಕೇಸು ವರ್ಷಗಟ್ಟಲೆ ನಡೆದು 2014ರಲ್ಲಿ ಆ ಪತ್ರಗಳು ಕೋರ್ಟಿನಲ್ಲಿ ರದ್ದಾದವು, ಬೀಚು ಉಳಿಯಿತು. ಆದರೆ ಪಕ್ಕದ ಕಾಬೊ ರೋಹೊದಲ್ಲಿ 2024ರ ಜನವರಿಯಿಂದ ಕ್ರೂಸ್ ಹಡಗುಗಳು ಬರುತ್ತಿವೆ, ಹೋಟೆಲುಗಳ ಕೆಲಸವೂ ಶುರುವಾಗಿದೆ. ಊರಿನವರಿಗೆ ಕೆಲಸ ಬೇಕು, ಅದನ್ನು ಬೇಡ ಅನ್ನಲು ನಾನು ಯಾರು? ಬೀಚಿನ ಮೇಲೆ ಮಾತ್ರ ಒಂದು ಕುರ್ಚಿಯೂ ಬಾರದಿರಲಿ ಅಂತ ಮನಸಾರೆ ಬೇಡಿಕೊಳ್ಳುತ್ತೇನೆ. ಹಡಗು ಬರುವ ದಿನ ಯಾವುದು ಅಂತ ನೋಡಿಕೊಂಡು, ಅದು ಬಿಟ್ಟು ಹೋಗಿ. ಆಗಸ್ಟ್‌ನಿಂದ ಅಕ್ಟೋಬರ್ ಚಂಡಮಾರುತ ಹೆಚ್ಚಿರುವ ಕಾಲ, ಆಗಲೂ ಬೇಡ.

ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಒಂದು ಮಾತು. ಬೀಚಿನಲ್ಲಿ ಜೆಟ್ಟಿ ಇಲ್ಲ, ಮೊಣಕಾಲುದ್ದ ನೀರಿಗೆ ಇಳಿಯಬೇಕು. ನಮ್ಮ ದೋಣಿಯವರು ತಾವು ಮೊದಲು ಇಳಿದು, ದೋಣಿ ಅಲುಗದಂತೆ ಹಿಡಿದು, ಅಮ್ಮನಿಗೆ ಭುಜ ಕೊಟ್ಟರು. ಸಂಜೆ ನಾಲ್ಕಕ್ಕೆ ಬರುತ್ತೇನೆ ಅಂದಿದ್ದರು. ಹತ್ತು ನಿಮಿಷ ಮೊದಲೇ ಬಂದು, ನಾವು ಇನ್ನೂ ನೀರಿನಲ್ಲಿರುವುದು ನೋಡಿ, ಕರೆಯದೆ ದೋಣಿಯಲ್ಲೇ ಕೂತಿದ್ದರು.