ಮನೆಗೂ ಆಗುತ್ತೆ, ಕಛೇರಿಗೂ ಆಗುತ್ತೆ ಅಂದರೆ ನಂಬಬೇಡಿ

ಮನೆಯಲ್ಲಿ ಸಂಗೀತ ಕೇಳಲು ಒಳ್ಳೆಯ ಸ್ಪೀಕರ್ ತೆಗೆದುಕೊಳ್ಳಬೇಕು, ಹೇಗೂ ಅಷ್ಟು ದುಡ್ಡು ಹಾಕುತ್ತೇವಲ್ಲ, ಮನೆಯಲ್ಲಿ ನಡೆಯುವ ಸಂಗೀತ ಕಛೇರಿಗೋ ಭಜನೆಗೋ ಅದನ್ನೇ ಇಟ್ಟರಾಯಿತು ಎಂಬ ಲೆಕ್ಕಾಚಾರದಲ್ಲಿ ಯಾರಾದರೂ ಇದ್ದರೆ, ದಯವಿಟ್ಟು ಅಂಗಡಿಗೆ ಹೋಗುವ ಮೊದಲು ಇದನ್ನು ಓದಿ. ಇದೇ ಲೆಕ್ಕಾಚಾರದಿಂದ ನನಗೆ ಒಂದು ಲಕ್ಷದ ಹತ್ತಿರ ನಷ್ಟವಾಯಿತು. ದುಡ್ಡಿಗಿಂತ ಹೆಚ್ಚಾಗಿ, ದೂರದಿಂದ ಬಂದು ಹಾಡಿದ ಒಬ್ಬ ಕಲಾವಿದೆಯ ಕಛೇರಿ ನನ್ನಿಂದ ಕೆಟ್ಟಿತು. ಆ ಬೇಸರ ಇನ್ನೂ ಹೋಗಿಲ್ಲ.

ಮೈಸೂರಿನಲ್ಲಿ ನಾವು ಹತ್ತು ಹನ್ನೆರಡು ಮನೆಯವರು ಸೇರಿ ತಿಂಗಳಿಗೊಂದು ಕಛೇರಿ ಮಾಡಿಸುತ್ತೇವೆ. ಸರಸ್ವತಿಪುರಂನ ಹಿರಿಯರೊಬ್ಬರು ತಮ್ಮ ಮಹಡಿ ಮೇಲಿನ ಹಾಲ್ ಬಿಟ್ಟುಕೊಡುತ್ತಾರೆ. 40 ಅಡಿ ಉದ್ದ, 22 ಅಡಿ ಅಗಲ, ನೆಲಕ್ಕೆ ಟೈಲ್ಸ್, 70 ಕುರ್ಚಿ. ಮೊದಲು ಮೈಕ್‌ಸೆಟ್‌ನವರನ್ನು ಕರೆಸುತ್ತಿದ್ದೆವು. ಅವರ ಪೆಟ್ಟಿಗೆಗಳಲ್ಲಿ ತಂಬೂರಿ ಯಾವತ್ತೂ ಸರಿಯಾಗಿ ಕೇಳುತ್ತಿರಲಿಲ್ಲ, ಪಿಟೀಲು ಕೀರಲು ಕೀರಲು. ಅದೇ ಹೊತ್ತಿಗೆ ನಮ್ಮ ಮನೆಗೂ ಸ್ಪೀಕರ್ ಬೇಕಾಗಿತ್ತು. ಎರಡಕ್ಕೂ ಆಗುವಂಥದ್ದನ್ನೇ ತಂದರೆ ಎಲ್ಲರಿಗೂ ಒಳ್ಳೆಯದು ಅಂದುಕೊಂಡೆ.

ಬೆಂಗಳೂರಿನ ಒಂದು ಅಂಗಡಿಗೆ ಹೋದೆವು. ಹೆಸರು ಬೇಡ. ಕೇಳಿಸುವ ಕೋಣೆ ಬಹಳ ಚೆಂದ: ದಪ್ಪ ಕಾರ್ಪೆಟ್, ಗೋಡೆಗೆ ಬಟ್ಟೆ ಹೊದಿಸಿದ ಹಲಗೆಗಳು, ಕೂರಲು ಒಂದೇ ಸೋಫಾ. ಅವರು ಹಾಕಿದ್ದೆಲ್ಲ ಅವರದೇ ಹಾಡುಗಳು. ಒಂದು ಗಿಟಾರ್, ಒಂದು ಹೆಣ್ಣುದನಿ, ನಡುವೆ ಬೇಕಾದಷ್ಟು ಮೌನ. ಸ್ಟ್ಯಾಂಡ್ ಮೇಲಿಡುವ ಒಂದು ಚಿಕ್ಕ ಬುಕ್‌ಶೆಲ್ಫ್ ಸ್ಪೀಕರ್ ಜೋಡಿ ಕೇಳಿಸಿದರು, ಆಮೇಲೆ ನೆಲಕ್ಕೆ ನಿಲ್ಲಿಸುವ ಟವರ್ ಜೋಡಿ. ಟವರ್‌ಗೆ ಬದಲಾಯಿಸುವಾಗ ಆ ಹುಡುಗ ವಾಲ್ಯೂಮ್ ನಾಬನ್ನು ಒಂಚೂರು ತಿರುಗಿಸಿದ್ದು ನನ್ನ ಕಣ್ಣಿಗೆ ಬಿತ್ತು. ಅದರ ಅರ್ಥ ಆಗ ತಿಳಿಯಲಿಲ್ಲ. ಸದ್ದಿನ ಅಳತೆಯಲ್ಲಿ ಒಂದೆರಡು ಡೆಸಿಬಲ್ ಹೆಚ್ಚಾದರೂ ಸಾಕು, ನಮ್ಮ ಕಿವಿಗೆ ಅದು "ಜೋರು" ಅನ್ನಿಸುವುದಿಲ್ಲ, "ಚೆನ್ನಾಗಿದೆ" ಅನ್ನಿಸುತ್ತದೆ. ಎರಡು ಸ್ಪೀಕರ್‌ಗಳನ್ನು ಹೋಲಿಸುವಾಗ ಎರಡರ ಸದ್ದೂ ಒಂದೇ ಮಟ್ಟದಲ್ಲಿರಬೇಕು ಎಂದು ಒತ್ತಾಯಿಸಿ. ಮೊಬೈಲ್‌ನಲ್ಲಿ ಸದ್ದು ಅಳೆಯುವ ಆಪ್ ಹಾಕಿಕೊಂಡು ಕೂತ ಜಾಗದಲ್ಲಿ ಹಿಡಿದರೂ ಹೋಲಿಕೆಯ ಮಟ್ಟಿಗೆ ಸಾಕಾಗುತ್ತದೆ.

ಹಾಲ್‌ನ ವಿಷಯ ನಾನೇ ಬಾಯಿಬಿಟ್ಟು ಕೇಳಿದೆ. 70 ಜನ, ನಾಲ್ಕು ಮೈಕ್, ಮೃದಂಗ ಇರುತ್ತದೆ ಎಂದೆಲ್ಲ ಹೇಳಿದೆ.

"ಮೇಡಂ, ಇದು 200 ವ್ಯಾಟ್‌ದು. ನಿಮ್ಮ ಮನೆಗೂ ಆಗುತ್ತೆ, ಕಛೇರಿಗೂ ಆಗುತ್ತೆ. ಯೋಚನೆನೇ ಮಾಡ್ಬೇಡಿ" ಎಂದರು.

ಟವರ್ ಜೋಡಿಗೆ 1,48,000, ಆಂಪ್ಲಿಫೈಯರ್‌ಗೆ 62,000. ಬಿಲ್ ಮಾಡಿಸಿ, ಕಾರಿನ ಹಿಂದಿನ ಸೀಟು ಮಡಚಿ ಮೈಸೂರಿಗೆ ತಂದೆವು.

ಮೊದಲ ಎರಡು ಕಛೇರಿ ವೀಣೆಯದು, ಕೊಳಲಿನದು. ಪರವಾಗಿಲ್ಲ ಅನ್ನಿಸಿತು. ಹಿಂದೆ ಕೂತವರು ಮಾತ್ರ "ಸ್ವಲ್ಪ ಜೋರು ಮಾಡಿ" ಎನ್ನುತ್ತಲೇ ಇದ್ದರು. ಮೂರನೆಯದು ರಾಮನವಮಿಯ ಹಾಡುಗಾರಿಕೆ. ಹಾಲ್ ತುಂಬಿ, ಮೆಟ್ಟಿಲ ಮೇಲೂ ಜನ. ಹಿಂದಿನ ಸಾಲಿಗೆ ಅನುಕೂಲವಾಗಲಿ ಎಂದು ನಮ್ಮ ಹಳೆಯ 8 ಓಮ್ (ಓಮ್ ಎಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಸ್ಪೀಕರ್ ಜೋಡಿಯನ್ನೂ ಆಂಪಿನ ಹಿಂಬದಿಯಲ್ಲಿ ಎರಡನೇ ಜೋಡಿಗೆಂದಿರುವ "ಬಿ" ಟರ್ಮಿನಲ್‌ಗೆ ಸಿಕ್ಕಿಸಿದೆವು. ಆಂಪಿನ ಮೇಲೆ ಕೈಯಿಟ್ಟರೆ ಸುಡುತ್ತಿತ್ತು. ದೊಡ್ಡ ಆಂಪ್ ಅಲ್ಲವೇ, ಬಿಸಿಯಾಗುವುದು ಸಹಜ ಎಂದು ಸುಮ್ಮನಾದೆವು. ವಾಲ್ಯೂಮ್ ನಾಬ್ ಗಡಿಯಾರದ ಎರಡು ಗಂಟೆಯ ಜಾಗದಲ್ಲಿತ್ತು.

ತನಿ ಆವರ್ತನಕ್ಕೆ, ಅಂದರೆ ಮೃದಂಗದವರು ಒಬ್ಬರೇ ನುಡಿಸುವ ಭಾಗಕ್ಕೆ, ಸ್ವಲ್ಪ ಮೊದಲು ಗಾಯಕಿ ನೀರು ಕುಡಿಯಲು ಬಾಗಿದರು, ಮೈಕ್ ಸ್ಟ್ಯಾಂಡ್ ವಾಲಿತು, ಕುಯ್ಯೋ ಎಂದು ಕೂಗು ಎದ್ದಿತು. ಮೈಕ್‌ಗಳ ಸದ್ದು ಹೊಂದಿಸುವ ಮಿಕ್ಸರ್ ಹತ್ತಿರ ಕೂತಿದ್ದ ನಮ್ಮ ಹುಡುಗನಿಗೆ ಯಾವ ಮೈಕ್ ಎಂದು ಗೊತ್ತಾಗಿ ಇಳಿಸುವಷ್ಟರಲ್ಲಿ ನಾಲ್ಕೈದು ಸೆಕೆಂಡ್ ಆಗಿರಬೇಕು. ಆಮೇಲೆ ಎಲ್ಲ ಸರಿಹೋಯಿತು ಅಂದುಕೊಂಡೆವು. ಮೃದಂಗ ಶುರುವಾಯಿತು. ಬಲಗಡೆಯ ಸ್ಪೀಕರ್‌ನಲ್ಲಿ ಮೃದಂಗದ ಚುರುಕು ಪೆಟ್ಟು ಚಾಪು ಕಟಕಟ ಕೇಳುತ್ತಿತ್ತು. ಎಡಗಡೆಯದರಲ್ಲಿ ಬರೀ ತೊಪ್ಪಿಯ, ಅಂದರೆ ಮೃದಂಗದ ದಪ್ಪ ದನಿಯ ಬದಿಯ, ಗುಮ್ ಗುಮ್. ಪಿಟೀಲು ಕಂಬಳಿ ಹೊದ್ದುಕೊಂಡು ನುಡಿಸಿದ ಹಾಗೆ. ಎಡಗಡೆ ಎರಡನೇ ಸಾಲಿನಲ್ಲಿದ್ದ ಹಿರಿಯರು ಕಿವಿಗೆ ಕೈಯಿಟ್ಟು ನನ್ನ ಕಡೆ ನೋಡಿದರು. ನಾನು ಹತ್ತಿರ ಹೋಗಿ ಜಾಲರಿಗೆ ಮುಖ ಕೊಟ್ಟೆ. ಸುಟ್ಟ ವಾರ್ನಿಷ್‌ನ ಸಣ್ಣ ವಾಸನೆ, ಕರೆಂಟ್ ಮೋಟಾರ್ ಸುಟ್ಟಾಗ ಬರುತ್ತದಲ್ಲ, ಅಂಥದ್ದು. ಹತ್ತು ನಿಮಿಷದಲ್ಲಿ ಬಲಗಡೆಯದೂ ಹಾಗೇ ಆಯಿತು. ಮಂಗಳವನ್ನು ಮೈಕ್ ಇಲ್ಲದೆಯೇ ಹಾಡಿ ಮುಗಿಸಿದರು. ಅವರು ಏನೂ ಅನ್ನಲಿಲ್ಲ. ಪಾನಕ ಕುಡಿದು, ನಮಸ್ಕಾರ ಹೇಳಿ ಹೊರಟರು.

ಅಂಗಡಿಗೆ ಫೋನ್ ಮಾಡಿದರೆ ಅದೇ ಮನುಷ್ಯರ ದನಿಯೇ ಬೇರೆ. "ಹಾಲ್‌ನಲ್ಲಿ ಹಾಕಿದ್ರಾ ಮೇಡಂ? ಹಾಗಾದ್ರೆ ವಾರಂಟಿ ಬರಲ್ಲ." ವಾರಂಟಿ ಕಾರ್ಡ್‌ನ ಹಿಂಬದಿಯಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ, ಮನೆಬಳಕೆಗೆ ಮಾತ್ರ ಎಂದು ಇತ್ತು. ಒಳಗಿನ ತಂತಿಸುತ್ತು, ಅಂದರೆ ಕಾಯಿಲ್, ಸುಟ್ಟರೆ ಅದು ಬಳಸಿದವರ ತಪ್ಪು ಎಂಬ ಸಾಲೂ ಇತ್ತು. ಕೊಳ್ಳುವಾಗ ಕಛೇರಿಗೆ ಎಂದೇ ಹೇಳಿದ್ದೆ, ಆದರೆ ಬರವಣಿಗೆಯಲ್ಲಿ ಏನೂ ಇರಲಿಲ್ಲ. ಸುಟ್ಟದ್ದು ಟ್ವೀಟರ್, ಅಂದರೆ ಪೆಟ್ಟಿಗೆಯೊಳಗೆ ಏರುಸ್ವರಗಳನ್ನು ಕೇಳಿಸುವ ಪುಟ್ಟ ಸ್ಪೀಕರ್. ಅದು ಹೊರದೇಶದಿಂದ ಬರಬೇಕು, ಒಂದಕ್ಕೆ 9,800, ಕಾಯಬೇಕಾದದ್ದು 11 ವಾರ.

ಆ 11 ವಾರದಲ್ಲಿ ನಮ್ಮೂರಿನ ಒಬ್ಬ ರಿಪೇರಿಯವರು ನನಗೆ ಕಲಿಸಿದ್ದನ್ನು ಇಲ್ಲಿ ಬರೆಯುತ್ತೇನೆ. ಅವರು ಟ್ವೀಟರ್ ಬಿಚ್ಚಿ ಮಲ್ಟಿಮೀಟರ್ ಇಟ್ಟರು. ಮುಳ್ಳು ಅಲ್ಲಾಡಲಿಲ್ಲ, ಅಂದರೆ ತಂತಿ ಕಡಿದಿದೆ. ರೇಷ್ಮೆ ಬಟ್ಟೆಯ ಪುಟ್ಟ ಗುಮ್ಮಟ, ಅದರ ಬುಡದಲ್ಲಿ ಉಂಗುರದಷ್ಟೇ ಅಗಲದ ಕಾಯಿಲ್, ಕೂದಲೆಳೆಯಂಥ ತಂತಿ ಕಪ್ಪಗಾಗಿ ಸುತ್ತು ಬಿಟ್ಟಿತ್ತು. "200 ವ್ಯಾಟ್ ಅಂತ ಬರೆದಿರೋದು ಇಡೀ ಪೆಟ್ಟಿಗೆಗೆ, ಅದೂ ಸಂಗೀತದ ಹಾಗೆ ಏರಿಳಿತ ಇರೋ ಸದ್ದಿಗೆ. ಈ ಕಾಯಿಲ್ ಸತತವಾಗಿ ತಡಕೊಳ್ಳೋದು ಕೆಲವೇ ವ್ಯಾಟ್" ಎಂದರು. ಹಾಡಿನಲ್ಲಿ ಶಕ್ತಿಯ ಬಹುಪಾಲು ಕೆಳಗಿನ, ನಡುವಿನ ಸ್ವರಗಳಲ್ಲಿರುತ್ತದೆ. ಟ್ವೀಟರ್‌ಗೆ ಬರುವುದು ಸಣ್ಣ ಪಾಲು. ಆದರೆ ಮೈಕ್ ಕೂಗಿದಾಗ ಒಂದೇ ಏರುಸ್ವರ ಪೂರ್ತಿ ಶಕ್ತಿಯಲ್ಲಿ, ಬಿಡುವಿಲ್ಲದೆ ನೇರ ಅದರ ಮೇಲೇ ಬೀಳುತ್ತದೆ. ಸಿ.ಡಿ. ಹಾಡಿನಲ್ಲಿ ಇಂಥದ್ದು ಎಂದೂ ಇರುವುದಿಲ್ಲ. ಮೈಕ್ ಕೆಳಗೆ ಬಿದ್ದ ಪೆಟ್ಟು, ವೈರ್ ಕಿತ್ತಾಗಿನ ಢಬ್ ಸದ್ದು ಕೂಡ ಹಾಗೆಯೇ. ರೆಕಾರ್ಡಿಂಗ್‌ನಲ್ಲಿ ಅವೆಲ್ಲ ತೊಳೆದು ಬಂದಿರುತ್ತವೆ, ಎದುರಿಗೆ ನಡೆಯುವ ಕಛೇರಿಯಲ್ಲಿ ಇದ್ದೇ ಇರುತ್ತವೆ. ಮನೆಯ ಸ್ಪೀಕರ್ ಇದಕ್ಕೆಂದು ಕಟ್ಟಿದ್ದಲ್ಲ.

ಇನ್ನು ಆಂಪಿನ ಕಥೆ. ನಮ್ಮ ಟವರ್ 4 ಓಮ್‌ನದು. ಅದಕ್ಕೆ ಸಮಾನಾಂತರವಾಗಿ 8 ಓಮ್‌ನದನ್ನು ಸೇರಿಸಿದೆವು, ಒಟ್ಟು 2.7 ಓಮ್ ಕೂಡ ಆಗಲಿಲ್ಲ. ಈ ತಡೆ ಇಳಿದಷ್ಟೂ ಆಂಪಿನ ಮೇಲೆ ಹೊರೆ ಹೆಚ್ಚು. ಆ ಆಂಪ್ ಎರಡು ಜೋಡಿ ಹಾಕಿದಾಗ ಅಷ್ಟು ಕೆಳಕ್ಕೆ ಇಳಿಯುವುದಕ್ಕೆ ಮಾಡಿದ್ದಲ್ಲ ಎಂದು ಹಿಂಬದಿಯ ಫಲಕದಲ್ಲೇ ಇತ್ತು. ಶಕ್ತಿ ಸಾಲದೆ ಹೋದಾಗ ಆಂಪ್ ಅಲೆಯ ನೆತ್ತಿಯನ್ನು ಕತ್ತರಿಸಿ ಚಪ್ಪಟೆ ಮಾಡಿ ಕಳಿಸುತ್ತದೆ. ಇದನ್ನೇ ಕ್ಲಿಪ್ಪಿಂಗ್ ಎನ್ನುವುದು. ಹಾಗೆ ಕತ್ತರಿಸಿದ ಅಲೆಯಲ್ಲಿ ಮೂಲದಲ್ಲಿ ಇಲ್ಲದ ಏರುಸ್ವರಗಳು ಹುಟ್ಟಿಕೊಳ್ಳುತ್ತವೆ, ಅವು ಹೋಗುವುದೂ ಟ್ವೀಟರ್‌ಗೇ. ದೊಡ್ಡ ಆಂಪ್‌ನಿಂದ ಮಾತ್ರ ಸ್ಪೀಕರ್ ಸುಡುತ್ತದೆ ಎಂದು ನಂಬಿದ್ದೆ. ಚಿಕ್ಕ ಆಂಪನ್ನು ಹಿಂಡಿದರೂ ಸುಡುತ್ತದೆ. ನಾಬ್ ಅರ್ಧಕ್ಕಿದ್ದರೆ ಶಕ್ತಿಯೂ ಅರ್ಧ ಎನ್ನುವುದೂ ಸುಳ್ಳು. ಮಿಕ್ಸರ್‌ನಿಂದ ಬರುವ ಮಟ್ಟ ಜೋರಾಗಿದ್ದರೆ ನಾಬ್ ಹತ್ತು ಗಂಟೆಯ ಜಾಗದಲ್ಲಿರುವಾಗಲೇ ಆಂಪ್ ಕೊನೆ ಮುಟ್ಟಿರಬಹುದು.

ನನಗೆ ಹೊಟ್ಟೆಯುರಿದದ್ದು ಮಾತ್ರ ಸೆನ್ಸಿಟಿವಿಟಿ ಎಂಬ ಅಂಕಿಯನ್ನು ಬಿಡಿಸಿ ಹೇಳಿದಾಗ. ವ್ಯಾಟ್ ನೋಡಿ ಸ್ಪೀಕರ್ ಕೊಳ್ಳುವುದು ಪೆಟ್ರೋಲ್ ಟ್ಯಾಂಕ್ ನೋಡಿ ಗಾಡಿಯ ವೇಗ ಹೇಳಿದ ಹಾಗೆ. ಕೊಟ್ಟ ಶಕ್ತಿಗೆ ಎಷ್ಟು ಸದ್ದು ಬರುತ್ತದೆ ಎಂಬುದು ಮುಖ್ಯ. ನಮ್ಮದರ ಮೇಲೆ 87 ಡೆಸಿಬಲ್, 2.83 ವೋಲ್ಟ್, 1 ಮೀಟರ್ ಎಂದಿತ್ತು. 8 ಓಮ್ ಸ್ಪೀಕರ್‌ಗೆ 2.83 ವೋಲ್ಟ್ ಎಂದರೆ 1 ವ್ಯಾಟ್. 4 ಓಮ್‌ನದಕ್ಕೆ ಅದು 2 ವ್ಯಾಟ್. ಹಾಗಾಗಿ 1 ವ್ಯಾಟ್‌ಗೆ ನಮ್ಮದು ಕೊಡುತ್ತಿದ್ದದ್ದು 84 ಮಾತ್ರ. ಶಕ್ತಿ ಇಮ್ಮಡಿ ಮಾಡಿದರೆ ಸಿಗುವುದು 3 ಡೆಸಿಬಲ್, ಹತ್ತರಷ್ಟು ಮಾಡಿದರೆ 10. ಅಂದರೆ 100 ವ್ಯಾಟ್ ಸುರಿದರೂ ಒಂದು ಮೀಟರ್‌ನಲ್ಲಿ 104. ದೂರ ಇಮ್ಮಡಿಯಾದ ಹಾಗೆಲ್ಲ ಬಯಲಿನಲ್ಲಿ 6 ಡೆಸಿಬಲ್ ಇಳಿಯುತ್ತದೆ, 8 ಮೀಟರ್‌ಗೆ 18 ಹೋಯಿತು. ಹಾಲ್‌ನೊಳಗೆ ಗೋಡೆಗಳು ಸ್ವಲ್ಪ ಹಿಂದಿರುಗಿಸುತ್ತವೆ, ಇನ್ನೊಂದು ಸ್ಪೀಕರ್ ಸ್ವಲ್ಪ ಸೇರಿಸುತ್ತದೆ, ಆದರೂ ಕೊನೆಯ ಸಾಲಿಗೆ ತಲುಪುವುದು 90ರ ಆಸುಪಾಸು, ಅದೂ ಸ್ಪೀಕರ್ ತನ್ನ ಪ್ರಾಣ ಒತ್ತೆಯಿಟ್ಟಾಗ. ಮೃದಂಗದ ಒಂದು ಚಾಪು ಸರಾಸರಿ ಸದ್ದಿಗಿಂತ 15–20 ಡೆಸಿಬಲ್ ಮೇಲೆ ಹಾರುತ್ತದೆ. 20 ಡೆಸಿಬಲ್ ಎಂದರೆ ನೂರು ಪಟ್ಟು ಶಕ್ತಿ! ಅದಕ್ಕೆ ಜಾಗವೇ ಉಳಿದಿರಲಿಲ್ಲ. ಮೈಕ್‌ಸೆಟ್‌ನವರ 12 ಇಂಚಿನ ಪೆಟ್ಟಿಗೆಗಳು ಸಾಮಾನ್ಯವಾಗಿ 1 ವ್ಯಾಟ್‌ಗೆ 95ಕ್ಕೂ ಮೇಲೆ ಕೊಡುತ್ತವೆ. 97 ಎಂದಿಟ್ಟುಕೊಂಡರೆ, ನಮ್ಮ ಟವರ್ 100 ವ್ಯಾಟ್‌ನಲ್ಲಿ ಮಾಡುವ ಸದ್ದನ್ನು ಅದು 5 ವ್ಯಾಟ್‌ನಲ್ಲಿ ಮಾಡಿ ಮುಗಿಸುತ್ತದೆ.

ಇನ್ನೊಂದು ಸಂಗತಿ ನಾನೇ ಕಂಡುಕೊಂಡದ್ದು. ಟವರ್‌ನಲ್ಲಿ ಟ್ವೀಟರ್ ಇರುವುದು ಸೋಫಾದಲ್ಲಿ ಕೂತವರ ಕಿವಿಯ ಎತ್ತರಕ್ಕೆ. ಹಾಲ್‌ನಲ್ಲಿ ಮೊದಲ ಸಾಲಿನವರ ತಲೆಗಳೇ ಏರುಸ್ವರಗಳಿಗೆ ಗೋಡೆ. ಹಿಂದಿನವರು "ಜೋರು ಮಾಡಿ" ಎನ್ನುತ್ತಿದ್ದದ್ದು ಸದ್ದು ಸಾಲದೆ ಅಲ್ಲ, ಸಾಹಿತ್ಯ ಸ್ಪಷ್ಟವಾಗಿ ಕೇಳದೆ. ನಾವು ಜೋರು ಮಾಡಿದೆವು. ಮೈಕ್‌ಸೆಟ್‌ನವರು ಕಂಬದ ಮೇಲೆ ಪೆಟ್ಟಿಗೆ ಏರಿಸಿ ತಲೆಗಳ ಮೇಲಿಂದ ಕೆಳಮುಖ ಮಾಡುವುದು ಇದಕ್ಕೇ.

ಒಂದು ಸ್ಪೀಕರ್ ಒಳ್ಳೆಯದು ಎಂದರೆ ಯಾವ ದೂರಕ್ಕೆ ಒಳ್ಳೆಯದು ಎಂದು ಕೇಳಬೇಕು. 1970ರ ದಶಕದಲ್ಲಿ ಬಿ.ಬಿ.ಸಿ.ಯವರು ಹೊರಾಂಗಣ ಪ್ರಸಾರದ ವ್ಯಾನ್‌ನೊಳಗೆ ಕೂತು ಕೇಳಲೆಂದು ಎಲ್‌ಎಸ್3/5ಎ ಎಂಬ ಪುಟ್ಟ ಸ್ಪೀಕರ್ ಮಾಡಿದರು. ಮನುಷ್ಯರ ದನಿಯನ್ನು ಅಷ್ಟು ಸಹಜವಾಗಿ ಕೇಳಿಸುವುದರಿಂದ ಇಂದಿಗೂ ಜನ ಹುಡುಕಿಕೊಂಡು ಹೋಗುತ್ತಾರೆ. ಅದರ ಸೆನ್ಸಿಟಿವಿಟಿ 83ರ ಆಸುಪಾಸು. ಕೈಗೆಟುಕುವ ದೂರದಲ್ಲಿ ಅದು ಅಮೃತ, 70 ಜನರ ಹಾಲ್‌ನಲ್ಲಿಟ್ಟರೆ ಪಾಪ ಅದೇನು ಮಾಡೀತು.

ಹಾಲ್ ಬಿಡಿ, ಟವರ್ ಮನೆಗಾದರೂ ಆಯಿತೇ ಎಂದರೆ ಅದೂ ಇಲ್ಲ. ನಮ್ಮ ಕೋಣೆ 12 ಅಡಿ ಉದ್ದ, 12 ಅಡಿ ಅಗಲ. ಎದುರುಬದುರು ಗೋಡೆಗಳ ನಡುವೆ 12 ಅಡಿ ಇದ್ದರೆ ಸುಮಾರು 47 ಹರ್ಟ್ಸ್‌ನ ಕೆಳಸ್ವರದಲ್ಲಿ, ಮತ್ತೆ ಅದರ ಇಮ್ಮಡಿ 94ರಲ್ಲಿ ಕೋಣೆ ತಾನೇ ಮೊರೆಯುತ್ತದೆ. ಚೌಕ ಕೋಣೆಯಲ್ಲಿ ಉದ್ದಕ್ಕೂ ಅಗಲಕ್ಕೂ ಅದೇ ಅಂಕಿ, ಮೊರೆತ ಎರಡು ಪಟ್ಟು. ಟವರ್‌ನ ಗಾಳಿ ತೂತು ಹಿಂಬದಿಯಲ್ಲಿ, ಜಾಗವಿಲ್ಲದೆ ಗೋಡೆಗೆ ಗೇಣು ದೂರದಲ್ಲಿಟ್ಟಿದ್ದೆವು. ತೊಪ್ಪಿಯ ಪ್ರತಿ ಪೆಟ್ಟೂ ಖಾಲಿ ಡ್ರಮ್ ಬಡಿದ ಹಾಗೆ ಕೇಳುತ್ತಿತ್ತು. ಅಂಗಡಿಯ ಕೋಣೆಯಲ್ಲಿ ಕೇಳಿದ್ದು ಆ ಕೋಣೆಯನ್ನೂ ಸೇರಿಸಿ, ಅದನ್ನು ಅವರು ಬಿಲ್‌ನಲ್ಲಿ ಹಾಕಿ ಕೊಡುವುದಿಲ್ಲ. ಎರಡು ದಿನಕ್ಕಾದರೂ ಮನೆಯಲ್ಲಿಟ್ಟು ಕೇಳಲು ಬಿಡುತ್ತಾರಾ ಎಂದು ಕೇಳಿ, ಅಡ್ವಾನ್ಸ್ ಇಟ್ಟಾದರೂ ಸರಿ. ನಿಮಗೆ ಬಾಯಿಪಾಠವಾಗಿರುವ ಹಾಡುಗಳನ್ನೇ ಹಾಕಿ. ನಾನೀಗ ತಂಬೂರಿ ಹಿನ್ನೆಲೆಯಲ್ಲಿ ಸಣ್ಣಗೆ ಇರುವ ರೆಕಾರ್ಡಿಂಗ್ ಹಾಕಿ, ಹಾಡು ಏರಿದಾಗಲೂ ತಂತಿ ತಂತಿ ಬಿಡಿಯಾಗಿ ಕೇಳುತ್ತದೆಯೇ ಎಂದು ನೋಡುತ್ತೇನೆ.

ಹಳೆಯದನ್ನು ಕೊಳ್ಳುವವರಿಗೆ ಒಂದು ಮಾತು. ಉಡುಪಿಯ ನನ್ನ ಚಿಕ್ಕಮ್ಮನ ಮಗ ಸೆಕೆಂಡ್ ಹ್ಯಾಂಡ್ ಜೋಡಿ ತಂದ. ಕೆಳಸ್ವರಗಳನ್ನು ಕೇಳಿಸುವ ದೊಡ್ಡ ಸ್ಪೀಕರ್, ಅಂದರೆ ವೂಫರ್‌ನ ಅಂಚಿನ ಫೋಮ್ ಬೆರಳು ಮುಟ್ಟಿದರೆ ಹಳೇ ರಸ್ಕಿನ ಹಾಗೆ ಪುಡಿಯಾಗುತ್ತಿತ್ತು. ಕರಾವಳಿಯ ತೇವದಲ್ಲಿ ಅದು ಇನ್ನೂ ಬೇಗ. ಜಾಲರಿ ತೆಗೆದು ನೋಡದೆ ದುಡ್ಡು ಕೊಡಬೇಡಿ. ಅಂಚು ರಬ್ಬರ್‌ನದಾಗಿದ್ದರೆ ಬಾಳಿಕೆ ಹೆಚ್ಚು.

ಟ್ವೀಟರ್ ಬದಲಾಯಿಸಿ ಟವರ್ ಜೋಡಿಯನ್ನು ಮಾರಿದೆ, ಸುಟ್ಟದ್ದನ್ನೂ ಬದಲಾಯಿಸಿದ್ದನ್ನೂ ಹೇಳಿಯೇ. 70,000ಕ್ಕೆ ಹೋಯಿತು. ಮನೆಗೆ ಈಗ ಚಿಕ್ಕ ಬುಕ್‌ಶೆಲ್ಫ್ ಜೋಡಿ, ಗೋಡೆಯಿಂದ ಎರಡಡಿ ಮುಂದೆ, ಸ್ಟ್ಯಾಂಡ್ ಮೇಲೆ. ಕಛೇರಿಗೆ ಮತ್ತೆ ಮೈಕ್‌ಸೆಟ್. ಆದರೆ ಈ ಸಲ ಹುಡುಕಿ, ಶಾಸ್ತ್ರೀಯ ಸಂಗೀತ ಕೇಳಿ ಗೊತ್ತಿರುವ ಹುಡುಗನನ್ನು ಹಿಡಿದಿದ್ದೇವೆ. ಒಂದು ಗಂಟೆ ಮೊದಲೇ ಬರುತ್ತಾನೆ, ಪೆಟ್ಟಿಗೆಗಳನ್ನು ಮೈಕ್‌ಗಳಿಗಿಂತ ಮುಂದಕ್ಕೆ ನಿಲ್ಲಿಸುತ್ತಾನೆ, ಕೂಗುವ ಸ್ವರಗಳನ್ನು ಮಿಕ್ಸರ್‌ನಲ್ಲೇ ಹುಡುಕಿ ಇಳಿಸಿಡುತ್ತಾನೆ. ಬಾಡಿಗೆ 3,500. ತಂಬೂರಿ ಕೇಳುತ್ತದೆ. ಪೆಟ್ಟಿಗೆಯ ತಪ್ಪು ಎಂದು ನಾವು ಅಂದುಕೊಂಡಿದ್ದದ್ದರಲ್ಲಿ ಅರ್ಧ, ಅದನ್ನು ಇಡುತ್ತಿದ್ದ ರೀತಿಯ ತಪ್ಪಾಗಿತ್ತು.

ಅಂಗಡಿಗೆ ಹೊರಡುವ ಮುಂದೆ ಟೇಪ್ ಹಿಡಿದು ಮೂರು ಅಳತೆ ಬರೆದುಕೊಳ್ಳಿ: ಕೋಣೆಯ ಉದ್ದ, ಅಗಲ, ನೀವು ಕೂರುವ ಜಾಗ ಎಷ್ಟು ದೂರ ಎಂಬುದು. ಹಾಲ್‌ಗೂ ಇದೇ ಸ್ಪೀಕರ್ ಆಗುತ್ತದೆ ಎಂದು ಅವರು ಹೇಳಿದರೆ, ಕೊನೆಯ ಸಾಲಿನ ದೂರವನ್ನೂ ಜನರ ಸಂಖ್ಯೆಯನ್ನೂ ಬಿಲ್ ಮೇಲೆ ಬರೆದು ಸಹಿ ಹಾಕಿಕೊಡಿ ಎನ್ನಿ. ನಮ್ಮ ಹಾಲ್‌ನ ಕೊನೆಯ ಸಾಲು 27 ಅಡಿ ದೂರದಲ್ಲಿದೆ. ನಾನು ಅದನ್ನು ಅಳೆದದ್ದು ರಿಪೇರಿಯವರು ಕೇಳಿದ ಮೇಲೆ.