ಎಂಜಿನ್ ಒಂದನ್ನೇ ನೋಡಿ ಡೀಸೆಲ್ ಪಿಕಪ್ ಕೊಳ್ಳಬೇಡಿ: ಭಾರದ ಟ್ರೈಲರ್ ಎಳೆಯುವವರಿಗೆ ಎಚ್ಚರಿಕೆ

ಅಮೆರಿಕದಲ್ಲಿ ದೊಡ್ಡ ಟ್ರೈಲರ್ ಎಳೆಯಲು ಸೆಕೆಂಡ್ ಹ್ಯಾಂಡ್ ಡೀಸೆಲ್ ಪಿಕಪ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ, ಆಮೇಲೆ ಮುಂಗಡ ಕೊಡಿ. ಮಾರುವವರು ಮೊದಲು ಬಾನೆಟ್ ಎತ್ತಿ ಎಂಜಿನ್ ತೋರಿಸುತ್ತಾರೆ. ಟಾರ್ಕ್ (ತಿರುಗಿಸುವ ಬಲ) ಎಷ್ಟು, ಟರ್ಬೊ ಯಾವುದು, ಇನ್ನೂ ಎಷ್ಟು ಲಕ್ಷ ಮೈಲಿ ಓಡುತ್ತದೆ ಎಂದು ಬಣ್ಣಿಸುತ್ತಾರೆ. ಅವರು ಹೇಳುವುದರಲ್ಲಿ ಬಹುಪಾಲು ನಿಜವೇ. ಆದರೆ ಆರು ಟನ್ ಭಾರ ಕಟ್ಟಿಕೊಂಡು ಘಾಟಿ ಹತ್ತುವಾಗ ಮೊದಲು ಸೋಲುವುದು ಸಾಮಾನ್ಯವಾಗಿ ಎಂಜಿನ್ ಅಲ್ಲ, ಅದರ ಬೆನ್ನಿಗಿದ್ದು ಬಲವನ್ನು ಚಕ್ರಗಳಿಗೆ ದಾಟಿಸುವ ಟ್ರಾನ್ಸ್‌ಮಿಷನ್. ನಮ್ಮ ಟ್ರಕ್ ಘಾಟಿಯ ನಡುವೆ ನಿಂತಾಗ ಎಂಜಿನ್ ಚೆನ್ನಾಗಿಯೇ ಓಡುತ್ತಿತ್ತು. ಚಕ್ರಗಳಿಗೆ ಮಾತ್ರ ಏನೂ ತಲುಪುತ್ತಿರಲಿಲ್ಲ.

ಟ್ರಕ್ ಯಾವ ಕಂಪನಿಯದು, ಡೀಲರ್ ಯಾರು ಎಂದು ನಾನು ಬರೆಯುವುದಿಲ್ಲ. ತಯಾರಿಸಿದವರ ದೋಷ ಇದರಲ್ಲಿಲ್ಲ. ಮಾರಿದವರು ಮಾಡಿದ್ದು ಮೋಸ, ಮತ್ತು ಆ ಮೋಸವನ್ನು ಎಲ್ಲಿ ಯಾರು ಬೇಕಾದರೂ ಮಾಡಬಹುದು. ಅದು ನಡೆಯುವ ಬಗೆಯನ್ನೇ ವಿವರವಾಗಿ ಹೇಳುತ್ತೇನೆ.

ನಮ್ಮದು ಫಿಫ್ತ್ ವೀಲ್ ಟ್ರೈಲರ್, ಅಂದರೆ ಪಿಕಪ್‌ನ ಹಿಂದಿನ ತೊಟ್ಟಿಯೊಳಗಿನ ಕೊಂಡಿಗೆ ಕೂರಿಸಿ ಎಳೆಯುವಂಥದ್ದು. ಸಾಮಾನು, ನೀರು ತುಂಬಿದಾಗ ಸುಮಾರು 13,000 ಪೌಂಡ್, ಅಂದರೆ ಹತ್ತಿರ ಹತ್ತಿರ 5,900 ಕಿಲೊ. ಈ ತೂಕವನ್ನು ಬರೆದು, ಇದನ್ನು ಗುಡ್ಡಗಾಡಿನಲ್ಲಿ ಎಳೆಯಬಲ್ಲ ಟ್ರಕ್ ಬೇಕು ಎಂದು ಡೀಲರ್‌ಗೆ ಇಮೇಲ್ ಕಳುಹಿಸಿದ್ದೆವು. ‘ಈ ಟ್ರಕ್ 17,000 ಪೌಂಡ್ ಎಳೆಯುತ್ತದೆ, ನಿಮ್ಮ ಟ್ರೈಲರ್ ಇದಕ್ಕೆ ಲೆಕ್ಕಕ್ಕೇ ಇಲ್ಲ’ ಎಂದು ಉತ್ತರ ಬಂತು. ನೋಡಲು ಹೋದಾಗ ಬಣ್ಣದ ಮುದ್ರಿತ ಹಾಳೆಯೊಂದನ್ನೂ ಕೊಟ್ಟರು. ಚಾಲಕನ ಬಾಗಿಲ ಕಂಬದ ಮೇಲೆ ಇರಬೇಕಾದ ತೂಕದ ಸ್ಟಿಕ್ಕರ್ ಇರಲಿಲ್ಲ. ಕೇಳಿದ್ದಕ್ಕೆ, ಸಣ್ಣ ಗೀರು ಬಿದ್ದಿತ್ತು, ಬಣ್ಣ ಹಾಕಿಸುವಾಗ ಹೋಯಿತು, ಹೊಸದನ್ನು ತರಿಸಿಕೊಡುತ್ತೇವೆ ಎಂದರು. ತರಿಸಿಕೊಡಲೇ ಇಲ್ಲ. ಟ್ರಾನ್ಸ್‌ಮಿಷನ್ ಆಯಿಲ್ ಈಗಷ್ಟೇ ಬದಲಾಯಿಸಿದ್ದೇವೆ ಎಂಬುದನ್ನು ದೊಡ್ಡ ಉಪಕಾರವೆಂಬಂತೆ ಹೇಳಿದರು. ಅದು ಉಪಕಾರವಾಗಿರಲಿಲ್ಲ, ಸಾಕ್ಷ್ಯ ನಾಶವಾಗಿತ್ತು ಎಂಬುದು ನಂತರ ತಿಳಿಯಿತು.

ಕೊಲರಾಡೊದ ಡೆನ್ವರ್‌ನಿಂದ ಪಶ್ಚಿಮಕ್ಕೆ ಹೋಗುವ ಐ-70 ಹೆದ್ದಾರಿ ಐಸೆನ್‌ಹೋವರ್ ಸುರಂಗದಲ್ಲಿ 11,158 ಅಡಿ ಎತ್ತರ ತಲುಪುತ್ತದೆ. ಜಾರ್ಜ್‌ಟೌನ್ ದಾಟಿದ ಮೇಲೆ ಏರು ಬಿಡುವುದೇ ಇಲ್ಲ. ಬಯಲಿನಲ್ಲಿ 200 ಡಿಗ್ರಿ ಫ್ಯಾರನ್‌ಹೀಟ್ ಸುತ್ತ ಇದ್ದ ಟ್ರಾನ್ಸ್‌ಮಿಷನ್ ಉಷ್ಣಾಂಶ ಅಲ್ಲಿ 225ಕ್ಕೆ ಹೋಯಿತು, ಸ್ವಲ್ಪ ಹೊತ್ತಿಗೆ 250 ದಾಟಿತು. ಬದಿಗೆ ನಿಲ್ಲಿಸಲು ಜಾಗ ಹುಡುಕುತ್ತಿರುವಾಗಲೇ ಟ್ರಕ್ ಒಮ್ಮೆ ನಡುಗಿತು. ಎಂಜಿನ್ ವೇಗ ಸರ್ರನೆ ಏರಿತು, ಟ್ರಕ್‌ನ ವೇಗ ಇಳಿಯಿತು. ಕರಟಿದ ಎಣ್ಣೆಯ ವಾಸನೆ ಒಳಗೆ ತುಂಬಿತು. ಮಕ್ಕಳು ಹಿಂದಿನ ಸೀಟಿನಲ್ಲಿದ್ದರು. ಪಕ್ಕದಲ್ಲಿ ಹದಿನೆಂಟು ಚಕ್ರದ ಲಾರಿಗಳು ಹಾದುಹೋಗುವಾಗಲೆಲ್ಲ ನಮ್ಮ ಗಾಡಿ ಇಡೀ ಅಲುಗಾಡುತ್ತಿತ್ತು. ಟ್ರಕ್‌ಗೆ ಒಂದು, ಟ್ರೈಲರ್‌ಗೆ ಇನ್ನೊಂದು ಎಳೆಯುವ ವಾಹನ ಬರುವವರೆಗೆ ಅಲ್ಲೇ ಕುಳಿತಿದ್ದೆವು. ಇದು ಏರಿನಲ್ಲಿ ಆಯಿತು. ಸುರಂಗ ದಾಟಿದ ಮೇಲೆ ಸಿಲ್ವರ್‌ಥಾರ್ನ್ ಕಡೆಗೆ ಇಳಿಯುವ ರಸ್ತೆ 7 ಶೇಕಡಾ ಇಳಿಜಾರಿನದು. ಅಲ್ಲಿ ಗೇರ್ ಹಿಡಿತ ತಪ್ಪಿದ್ದರೆ ಎಂಜಿನ್‌ನ ತಡೆ ಇಲ್ಲವಾಗಿ, ಒಟ್ಟು ಭಾರವೆಲ್ಲ ಬ್ರೇಕ್‌ಗಳ ಮೇಲೆ ಬೀಳುತ್ತಿತ್ತು. ಅದನ್ನು ನೆನೆದರೆ ನನಗೆ ಈಗಲೂ ಕೈ ತಣ್ಣಗಾಗುತ್ತದೆ.

ಟ್ರಾನ್ಸ್‌ಮಿಷನ್ ಕೆಲಸವನ್ನೇ ಮಾಡುವ ಮೆಕ್ಯಾನಿಕ್ ಒಬ್ಬರು ಕೆಳಗಿನ ಆಯಿಲ್ ಪ್ಯಾನ್ ಬಿಚ್ಚಿ ನನ್ನನ್ನು ಕರೆದರು. ಪ್ಯಾನ್ ತಳದಲ್ಲಿ ಲೋಹದ ಪುಡಿ ಹಿಡಿಯಲೆಂದೇ ಇಟ್ಟ ಸಣ್ಣ ಅಯಸ್ಕಾಂತ ಇರುತ್ತದೆ. ಅದು ಕಾಣುತ್ತಲೇ ಇರಲಿಲ್ಲ, ಅದರ ಮೇಲೆ ಬೂದುಬಣ್ಣದ ಕೆಸರು ದಪ್ಪವಾಗಿ ಕೂತಿತ್ತು. ಬೆರಳಲ್ಲಿ ಉಜ್ಜಿದರೆ ಚೂಪಾದ ಚೂರುಗಳು ಸಿಗುತ್ತಿದ್ದವು. ‘ಇಷ್ಟು ಪುಡಿ ಈ ಒಂದು ಪ್ರಯಾಣದ್ದಲ್ಲ. ಆಯಿಲ್ ಬದಲಾಯಿಸಿದವರು ಪ್ಯಾನ್ ಬಿಚ್ಚಿಲ್ಲ, ಹಳೆಯದನ್ನು ಹೀರಿ ಹೊಸದನ್ನು ಸುರಿದಿದ್ದಾರೆ’ ಎಂದರು ಅವರು. ಒಳಗಿನ ಕ್ಲಚ್ ಪ್ಲೇಟ್‌ಗಳ ಮೇಲಿನ ಘರ್ಷಣೆಯ ಪದರ ಸುಟ್ಟು ಹೋಗಿತ್ತು. ಅವುಗಳ ನಡುವಿನ ಉಕ್ಕಿನ ತಟ್ಟೆಗಳು ಶಾಖಕ್ಕೆ ನೀಲಿಗಟ್ಟಿದ್ದವು. ಎಂಜಿನ್ ಕಂಪ್ಯೂಟರ್‌ನಲ್ಲಿ ಪ್ರೋಗ್ರಾಂ ಹಲವು ಸಲ ಬದಲಾದ ದಾಖಲೆ ಇತ್ತು. ಹಳೆಯ ಮಾಲೀಕ ಈ ಪ್ರೋಗ್ರಾಂ ಬದಲಿಸುವ ಟ್ಯೂನರ್ ಹಾಕಿ ಟಾರ್ಕ್ ಹೆಚ್ಚಿಸಿಕೊಂಡು ಓಡಿಸಿದ್ದ, ಮಾರಾಟಕ್ಕೆ ಮುಂಚೆ ಕಾರ್ಖಾನೆಯ ಪ್ರೋಗ್ರಾಂ ಮತ್ತೆ ಹಾಕಲಾಗಿತ್ತು. ಹೊಗೆ ಕೊಳವೆಯ ಬೋಲ್ಟ್‌ಗಳ ಮೇಲೆ ಸ್ಪ್ಯಾನರ್ ತಿರುಚಿದ ಗುರುತುಗಳಿದ್ದವು. ಮಾಲಿನ್ಯ ತಡೆಯುವ ಭಾಗಗಳನ್ನು ಕಳಚಿ, ಮಾರುವ ಮುನ್ನ ಜೋಡಿಸಿದ್ದರು. ಆ ಭಾಗಗಳನ್ನು ತೆಗೆಯುವುದು ಅಮೆರಿಕದ ಶುದ್ಧ ಗಾಳಿ ಕಾಯ್ದೆಯಡಿ ನಿಷಿದ್ಧ.

ಟ್ಯೂನರ್ ಏಕೆ ಟ್ರಾನ್ಸ್‌ಮಿಷನ್ ಕೊಲ್ಲುತ್ತದೆ ಎಂಬುದಕ್ಕೆ ತಯಾರಕರ ಅಂಕಿಗಳೇ ಉತ್ತರ. 2013ರ ರಾಮ್ ಪಿಕಪ್‌ನ 6.7 ಲೀಟರ್ ಕಮ್ಮಿನ್ಸ್ ಎಂಜಿನ್ ತೆಗೆದುಕೊಳ್ಳಿ. ಮ್ಯಾನುವಲ್ ಗೇರ್‌ಬಾಕ್ಸ್ ಜೊತೆ ಬಂದರೆ ಅದರ ಟಾರ್ಕ್ 660 ಪೌಂಡ್-ಅಡಿ. ಕಂಪನಿಯದೇ ಆರು ಗೇರ್‌ನ ಆಟೊಮ್ಯಾಟಿಕ್ ಜೊತೆ 800. ಐಸಿನ್ ಕಂಪನಿಯ ಆರು ಗೇರ್‌ನ ಆಟೊಮ್ಯಾಟಿಕ್ ಜೊತೆ 850. ಎಂಜಿನ್ ಒಂದೇ. ಟ್ರಾನ್ಸ್‌ಮಿಷನ್ ಎಷ್ಟು ತಾಳುತ್ತದೆಯೋ ಅಷ್ಟಕ್ಕೆ ತಯಾರಕರೇ ಎಂಜಿನ್ನಿಗೆ ಕಡಿವಾಣ ಹಾಕಿದ್ದಾರೆ. ಟ್ಯೂನರ್ ಮಾಡುವ ಕೆಲಸ ಆ ಕಡಿವಾಣವನ್ನು ಕಿತ್ತೆಸೆಯುವುದು. ಖಾಲಿ ಟ್ರಕ್‌ನಲ್ಲಿ ಅದು ಸೊಗಸಾಗಿಯೇ ಇರುತ್ತದೆ. ಕ್ಲಚ್ ಪ್ಲೇಟ್‌ಗಳ ಆಯುಷ್ಯ ಮಾತ್ರ ಒಳಗೊಳಗೇ ಸವೆಯುತ್ತದೆ, ಬಾಕಿ ಲೆಕ್ಕ ಮುಂದೆ ಕೊಂಡವನ ಮೇಲೆ ಬೀಳುತ್ತದೆ.

ಶಾಖದ ಬಗ್ಗೆ ಒಂದು ಮಾತು ಹೇಳಲೇಬೇಕು. ಆಟೊಮ್ಯಾಟಿಕ್‌ನಲ್ಲಿ ಎಂಜಿನ್ ಮತ್ತು ಗೇರ್‌ಗಳ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತದೆ. ಅದು ಎಣ್ಣೆಯ ಹರಿವಿನ ಮೂಲಕ ಬಲ ದಾಟಿಸುತ್ತದೆ. ಹೀಗೆ ದಾಟಿಸುವಾಗ ಒಂದಿಷ್ಟು ಬಲ ಜಾರಿ ಶಾಖವಾಗುತ್ತದೆ. ಒಳಗಿನ ಲಾಕ್-ಅಪ್ ಕ್ಲಚ್ ಕಚ್ಚಿಕೊಂಡರೆ ಜಾರುವುದು ನಿಲ್ಲುತ್ತದೆ, ಎಣ್ಣೆ ತಣ್ಣಗಾಗುತ್ತದೆ. ಭಾರ ಹೆಚ್ಚಾಗಿ, ವೇಗ ಕಡಿಮೆಯಾಗಿ, ಆ ಕ್ಲಚ್ ಮತ್ತೆ ಮತ್ತೆ ಬಿಟ್ಟರೆ ಉಷ್ಣಾಂಶ ಏರುತ್ತಲೇ ಹೋಗುತ್ತದೆ. ಎತ್ತರದ ತೆಳು ಗಾಳಿ ಈ ಎಣ್ಣೆಯನ್ನು ತಣಿಸುವ ಕೂಲರ್‌ನಿಂದ ಶಾಖವನ್ನು ಕಡಿಮೆ ಒಯ್ಯುತ್ತದೆ. ಭಾರ ಎಳೆಯುವಾಗ ಒತ್ತುವ ಟೋ-ಹಾಲ್ ಗುಂಡಿ ಇರುವುದು ಇದಕ್ಕಾಗಿಯೇ. ಒತ್ತಿದರೆ ಗೇರ್ ಪದೇ ಪದೇ ಬದಲಾಗುವುದು ತಪ್ಪುತ್ತದೆ, ಇಳಿಜಾರಿನಲ್ಲಿ ಟ್ರಕ್ ತಾನೇ ಕೆಳಗಿನ ಗೇರ್‌ಗೆ ಬಂದು ತಡೆ ಕೊಡುತ್ತದೆ. ನಾವು ಅದನ್ನು ಒತ್ತಿಯೇ ಇದ್ದೆವು. ಮೊದಲೇ ಸುಟ್ಟಿದ್ದ ಪ್ಲೇಟ್‌ಗಳಿಗೆ ಅದು ಏನೂ ಮಾಡಲಾರದು.

ಇನ್ನು ಆ ಕಾಣೆಯಾದ ಸ್ಟಿಕ್ಕರ್. ಟ್ರಕ್‌ನ ವಿನ್ ಎಂಬ ಗುರುತಿನ ಸಂಖ್ಯೆ ಕೊಟ್ಟು ಅದರಲ್ಲಿದ್ದ ಅಂಕಿಗಳನ್ನು ತಯಾರಕರಿಂದಲೇ ತರಿಸಿಕೊಂಡೆವು. ಜನ, ಸಾಮಾನು ಸೇರಿ ಟ್ರಕ್ ಹೊರಬಹುದಾದ ಭಾರ 2,090 ಪೌಂಡ್. ಫಿಫ್ತ್ ವೀಲ್ ಟ್ರೈಲರ್ ತನ್ನ ತೂಕದ ಸುಮಾರು 15ರಿಂದ 25 ಶೇಕಡಾವನ್ನು ಟ್ರಕ್‌ನ ಮೇಲೆ ಹೇರುತ್ತದೆ. ಹಿಂದೆ ಚೆಂಡಿನಾಕಾರದ ಕೊಂಡಿಗೆ ಕಟ್ಟುವ ಸಾಮಾನ್ಯ ಟ್ರೈಲರ್‌ಗೆ ಇದು 10ರಿಂದ 15 ಶೇಕಡಾ. ನಮ್ಮ 13,000ದಲ್ಲಿ 20 ಶೇಕಡಾ ಎಂದರೂ 2,600 ಪೌಂಡ್ ಆಯಿತು. ಹಿಚ್ ಎಂಬ ಆ ಕೊಂಡಿ 200, ನಾವು ನಾಲ್ವರು 550. ಒಟ್ಟು 3,350. ಎಳೆಯುವ ಮಾತು ಹಾಗಿರಲಿ, ನಿಂತಲ್ಲೇ ಟ್ರಕ್‌ನ ಮೇಲೆ 1,260 ಪೌಂಡ್ ಹೆಚ್ಚುವರಿ ಹೊರೆ. ಡೀಲರ್ ಹೇಳಿದ 17,000 ಎಂಬ ಅಂಕಿ ಅದೇ ಹೆಸರಿನ, ಹಿಂದೆ ಜೋಡಿ ಚಕ್ರಗಳಿರುವ, ‘ಒಂದು ಟನ್’ ಎಂದು ಕರೆಯುವ ಹೆಚ್ಚು ಗಟ್ಟಿ ವರ್ಗದ ಮಾದರಿಯದು. ಅದರ ಆಕ್ಸಲ್ ಅನುಪಾತವೂ (ಚಕ್ರ ಒಂದು ಸುತ್ತು ತಿರುಗಲು ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಎಂಬ ಲೆಕ್ಕ) ಬೇರೆ, ಟ್ರಾನ್ಸ್‌ಮಿಷನ್ ಕೂಡ ಬೇರೆ. ನಮಗೆ ಕೊಟ್ಟ ಹಾಳೆ ಆ ಟ್ರಕ್‌ನದು.

ಇದು ತುಂಬ ಸುಲಭವಾಗಿ ನಡೆಯುವ ಮೋಸ, ಏಕೆಂದರೆ ಜಾಹೀರಾತಿನ ಅಂಕಿ ಯಾವಾಗಲೂ ಆ ಸಾಲಿನ ಅತಿ ಬಲಿಷ್ಠ ಜೋಡಣೆಯದು. ಆಕ್ಸಲ್ ಅನುಪಾತ 3.42 ಇರುವ ಟ್ರಕ್‌ಗೂ 4.10 ಇರುವ ಟ್ರಕ್‌ಗೂ ಹೊರನೋಟಕ್ಕೆ ವ್ಯತ್ಯಾಸವೇ ಕಾಣದು, ಎಳೆಯುವ ಮಿತಿಯಲ್ಲಿ ಮಾತ್ರ ಸಾವಿರಾರು ಪೌಂಡ್ ಅಂತರವಿರಬಹುದು. ಆ ಮಿತಿ ಬರುವುದು ವಾಹನ ಎಂಜಿನಿಯರ್‌ಗಳ ಸಂಘವಾದ ಎಸ್‌ಎಇಯ ಜೆ2807 ಎಂಬ ಪರೀಕ್ಷಾ ಕ್ರಮದಿಂದ. ಅದರಲ್ಲಿ ಅರಿಜೋನಾದ ಡೇವಿಸ್ ಅಣೆಕಟ್ಟಿನ ಬಳಿಯ 11.4 ಮೈಲಿ ಉದ್ದದ ಏರನ್ನು, ಎಸಿ ಪೂರ್ತಿ ಹಾಕಿಕೊಂಡು, ವೇಗ ಗಂಟೆಗೆ 40 ಮೈಲಿಗಿಂತ ಇಳಿಯದಂತೆ ಹತ್ತಬೇಕು. ಜೋಡಿ ಚಕ್ರದವಕ್ಕೆ 35 ಮೈಲಿ. ಆ ಲೆಕ್ಕದಲ್ಲಿ ಟ್ರಕ್‌ನೊಳಗೆ ಇರುವವರು ತಲಾ 150 ಪೌಂಡ್‌ನ ಇಬ್ಬರು ಮಾತ್ರ. ಸಂಸಾರ ಸಮೇತ ಹೊರಟವರಿಗೆ ಆ ಅಂಕಿ ಮೊದಲೇ ಕಡಿಮೆಯಾಗಿರುತ್ತದೆ.

ಟ್ರಾನ್ಸ್‌ಮಿಷನ್‌ನ ಹೆಸರು ಕೇಳಿದರೆ ಸಾಲದು, ವರ್ಷವನ್ನೂ ಕೇಳಿ. ಜನರಲ್ ಮೋಟಾರ್ಸ್ ಪಿಕಪ್‌ಗಳ ಡ್ಯುರಾಮ್ಯಾಕ್ಸ್ ಎಂಜಿನ್ ಜೊತೆ 2001ರಲ್ಲಿ ಬಂದ ಆಲಿಸನ್ ಟ್ರಾನ್ಸ್‌ಮಿಷನ್‌ಗೆ ಐದು ಗೇರ್, 2006ರಿಂದ ಆರು. 2020ರಿಂದ ಅದೇ ಹೆಸರಿನಲ್ಲಿ ಬರುತ್ತಿರುವುದು ಹತ್ತು ಗೇರ್‌ನ ಬೇರೆಯೇ ಟ್ರಾನ್ಸ್‌ಮಿಷನ್. ಫೋರ್ಡ್ ಸೂಪರ್ ಡ್ಯೂಟಿಗೂ ಹತ್ತು ಗೇರ್ ಬಂದದ್ದು 2020ರಲ್ಲೇ. ರಾಮ್ ಡೀಸೆಲ್ 2025ರಲ್ಲಿ ಝಡ್‌ಎಫ್ ಕಂಪನಿಯ ಎಂಟು ಗೇರ್‌ಗೆ ಬದಲಾಯಿತು. ಮ್ಯಾನುವಲ್ಲೇ ಬೇಕು ಎನ್ನುವ ಗೆಳೆಯರಿಗೆ: ಈ ವರ್ಗದ ಡೀಸೆಲ್ ಪಿಕಪ್‌ಗಳಲ್ಲಿ ಕೊನೆಯದು 2018ರ ರಾಮ್. ಗಟ್ಟಿ ಗೇರ್‌ಬಾಕ್ಸ್ ಹೌದು, ಆದರೆ ಟಾರ್ಕ್ ಕಡಿಮೆ, ಎಳೆಯುವ ಮಿತಿಯೂ ಕಡಿಮೆ. ಭಾರಕ್ಕೆ ಮ್ಯಾನುವಲ್ ಉತ್ತಮ ಎಂಬ ಹಳೆಯ ಮಾತನ್ನು ನಾನು ಈಗ ಒಪ್ಪುವುದಿಲ್ಲ.

ಟ್ರಾನ್ಸ್‌ಮಿಷನ್ ಪುನರ್‌ನಿರ್ಮಾಣಕ್ಕೆ ಎಂಟು ಸಾವಿರ ಡಾಲರ್ ಹತ್ತಿರ ಆಯಿತು. ಡೀಲರ್ ಗಾಜಿಗೆ ಅಂಟಿಸಿದ ‘ಬೈಯರ್ಸ್ ಗೈಡ್’ ತೋರಿಸಿ, ಇದ್ದದ್ದು ಇದ್ದ ಹಾಗೆ ಮಾರಿದ್ದೇವೆ, ವಾರಂಟಿ ಇಲ್ಲ ಎಂದರು. ಬಳಸಿದ ವಾಹನಕ್ಕೆ ವಾರಂಟಿ ಇದೆಯೋ ಇಲ್ಲವೋ ಎಂದು ತಿಳಿಸುವ ಆ ಹಾಳೆಯ ಮಾದರಿ ಅಮೆರಿಕದ ಕೇಂದ್ರ ವ್ಯಾಪಾರ ಆಯೋಗದ್ದು. ಬಾಯಿಮಾತಿನ ಭರವಸೆಯನ್ನು ಜಾರಿಗೊಳಿಸುವುದು ಕಷ್ಟ, ಬರವಣಿಗೆಯಲ್ಲಿ ಪಡೆಯಿರಿ ಎಂದು ಅದೇ ಹಾಳೆ ಹೇಳುತ್ತದೆ. ನಮ್ಮಲ್ಲಿ ಇಮೇಲ್ ಇತ್ತು. ಅದನ್ನೇ ಆಧಾರವಾಗಿಟ್ಟು ರಾಜ್ಯದ ಅಟಾರ್ನಿ ಜನರಲ್ ಕಚೇರಿಗೆ ದೂರು ಕೊಟ್ಟ ಮೇಲೆ ಡೀಲರ್ ಖರ್ಚಿನ ಒಂದು ಪಾಲು ಕೊಟ್ಟರು. ಉಳಿದದ್ದು ನಮ್ಮ ಮೇಲೆಯೇ ಬಿತ್ತು.

ಆದ್ದರಿಂದ ಹೋಗುವ ಮೊದಲೇ ವಿನ್ ಸಂಖ್ಯೆ ಪಡೆದು, ಆ ಟ್ರಕ್‌ಗೆ ಕಾರ್ಖಾನೆಯಲ್ಲಿ ಯಾವ ಟ್ರಾನ್ಸ್‌ಮಿಷನ್, ಯಾವ ಆಕ್ಸಲ್ ಕೂರಿಸಿದ್ದಾರೆ ಎಂದು ತಯಾರಕರಿಂದ ತಿಳಿದುಕೊಳ್ಳಿ. ಬಾಗಿಲ ಕಂಬದಲ್ಲಿ ಸ್ಟಿಕ್ಕರ್ ಇಲ್ಲದ ಟ್ರಕ್‌ನ ಬಳಿ ನಿಲ್ಲಲೇಬೇಡಿ. ಡೀಲರ್‌ಗೆ ಸಂಬಂಧವಿಲ್ಲದ ಮೆಕ್ಯಾನಿಕ್‌ನಿಂದ ಪ್ಯಾನ್ ಬಿಚ್ಚಿಸಿ ಅಯಸ್ಕಾಂತ ನೋಡಿ, ಕಂಪ್ಯೂಟರ್‌ನಲ್ಲಿ ಪ್ರೋಗ್ರಾಂ ಬದಲಾದ ದಾಖಲೆ ಓದಿಸಿ. ಇದಕ್ಕೆ ತಗಲುವುದು ಕೆಲವು ನೂರು ಡಾಲರ್. ಆಯಿಲ್ ಹೊಸದಾಗಿದ್ದರೆ ಬದಲಾಯಿಸಿದ್ದು ಯಾರು, ಏಕೆ ಎಂಬ ಬಿಲ್ ಕೇಳಿ. ಸಾಧ್ಯವಾದರೆ ನಿಮ್ಮ ಟ್ರೈಲರ್ ಕಟ್ಟಿಯೇ ಪರೀಕ್ಷೆಗೆ ಓಡಿಸಿ, ಹೆದ್ದಾರಿ ಬದಿಯ ಲಾರಿ ನಿಲ್ದಾಣದ ವೇಬ್ರಿಡ್ಜ್‌ನಲ್ಲಿ ಪ್ರತಿ ಆಕ್ಸಲ್ ತೂಗಿಸಿ, ಚೀಟಿಯನ್ನು ಸ್ಟಿಕ್ಕರ್ ಪಕ್ಕ ಹಿಡಿದು ನೋಡಿ. ಎಳೆಯುವ ಮಿತಿಯನ್ನು ವಿನ್ ಸಂಖ್ಯೆಯ ಸಮೇತ ಮಾರಾಟದ ಕಾಗದದಲ್ಲಿ ಬರೆದು ಸಹಿ ಹಾಕಲು ಹೇಳಿ. ಅದಕ್ಕೆ ಒಪ್ಪದವರಿಗೆ ಒಂದು ಡಾಲರ್ ಕೂಡ ಮುಂಗಡ ಕೊಡಬೇಡಿ.