ಎರೆ ಮಣ್ಣಿನ ತೋಟಕ್ಕೆ ಗಾಳಿತಡೆ: ಸರ್ವೆಯೋ, ಗ್ಲಿರಿಸಿಡಿಯಾವೋ, ಹೊಂಗೆಯೋ?

ಮುಂಗಾರಿನ ಗಾಳಿ ಕಲಬುರಗಿಯ ಬಯಲಿನಲ್ಲಿ ಪಶ್ಚಿಮ ಮತ್ತು ನೈಋತ್ಯದಿಂದ ನುಗ್ಗುತ್ತದೆ. ನುಗ್ಗೆಯ ಕೊಂಬೆ ಮುರಿಯುತ್ತದೆ, ನಿಂಬೆಯ ಎಳೆಗಾಯಿ ಉದುರುತ್ತದೆ. ಊರ ಹೊರಗಿನ ನಮ್ಮ ತೋಟದ ಪಡುವಣ ಅಂಚಿನಲ್ಲಿ ಗಾಳಿಗೆ ತಡೆಯಾಗಲೆಂದು ಸರ್ವೆ, ಗ್ಲಿರಿಸಿಡಿಯಾ, ಹೊಂಗೆ ಈ ಮೂರನ್ನೂ ಒಂದೇ ಮಳೆಗಾಲದಲ್ಲಿ ನೆಟ್ಟು ಬೆಳೆಸಿದ್ದೇವೆ. ನನ್ನ ಮತ ಹೊಂಗೆಗೆ.

ಸರ್ವೆ ಬೇಗ ಎತ್ತರವಾಗುತ್ತದೆ, ಸೂಜಿಯಂಥ ರೆಂಬೆಗಳು ಗಾಳಿಯನ್ನು ಸೋಸುತ್ತವೆ. ಆದರೆ ಅದಕ್ಕೆ ನೀರು ಬಸಿದುಹೋಗುವ ನೆಲ ಬೇಕು. ನೀರು ಹಿಡಿದಿಡುವ ನಮ್ಮ ಎರೆಯಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಏರು ಬದುವಿನ ಮೇಲಿದ್ದ ಸಸಿಗಳು ಮಾತ್ರ ಚೆನ್ನಾಗಿ ಬಂದವು. ಬೀದರಿನ ಕೆಂಪು ನೆಲದವರು ಇದನ್ನು ನೆಚ್ಚಬಹುದು.

ಗ್ಲಿರಿಸಿಡಿಯಾ ಅಗ್ಗ. ಬಲಿತ ಕೊಂಬೆಯನ್ನು ಕತ್ತರಿಸಿ ಮೊದಲ ಮಳೆಗೆ ಊರಿದರೆ ಚಿಗುರುತ್ತದೆ. ಸವರಿದ ಸೊಪ್ಪು ನಿಂಬೆಯ ಪಾತಿಗೆ ಒಳ್ಳೆಯ ಗೊಬ್ಬರ. ಕೊರತೆಯೆಂದರೆ, ಚಳಿಗಾಲದ ಕೊನೆಗೆ ಎಲೆ ಉದುರಿ ಬೋಳಾಗುತ್ತದೆ. ಬಿಸಿಗಾಳಿ ಶುರುವಾಗುವ ಹೊತ್ತಿಗೆ ಮರೆಯೇ ಇರುವುದಿಲ್ಲ.

ಹೊಂಗೆಯ ಗುಣ ಗೊತ್ತಾಗುವುದು ಆಗಲೇ. ಅದೂ ಎಲೆ ಉದುರಿಸುತ್ತದೆ, ಆದರೆ ಬೇಗ ಚಿಗುರಿ ಏಪ್ರಿಲ್, ಮೇ ತಿಂಗಳ ಉರಿಯಲ್ಲಿ ದಟ್ಟ ಹಸಿರಾಗಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಎರೆ ಬಿರುಕು ಬಿಟ್ಟು ಸಣ್ಣ ಬೇರುಗಳನ್ನು ಹರಿಯುತ್ತದೆ; ಹೊಂಗೆಯ ತಾಯಿಬೇರು ಆಳಕ್ಕಿಳಿದಿರುವುದರಿಂದ ಮರ ತಡೆದುಕೊಳ್ಳುತ್ತದೆ. ಇನ್ನೊಂದು ದೊಡ್ಡ ಲಾಭ ಆಡುಗಳದು. ಸುಗ್ಗಿ ಮುಗಿದ ಮೇಲೆ ಮಂದೆ ಬಿಟ್ಟಾಗ ಬೇವಿನ ಸಸಿ ಉಳಿಯುವುದು ಕಷ್ಟ, ಹೊಂಗೆಯ ಕಡೆಗೆ ಅವು ಅಷ್ಟಾಗಿ ಹೋಗುವುದಿಲ್ಲ. ಬೆಳವಣಿಗೆ ನಿಧಾನ ಎಂಬುದು ನಿಜ. ಅದಕ್ಕೇ ಹೊರಗಡೆ ಗ್ಲಿರಿಸಿಡಿಯಾ, ಒಳಗಡೆ ಹೊಂಗೆ ಎಂದು ಜೋಡಿ ಸಾಲು ಹಾಕುವುದು ನನಗೆ ಸರಿಯೆನಿಸುತ್ತದೆ.

ಗೋಡೆ ಕಟ್ಟಿದರಾಯಿತು ಎನ್ನುವವರಿದ್ದಾರೆ. ಗೋಡೆಗೆ ಬಡಿದ ಗಾಳಿ ಮೇಲೇರಿ ಹಿಂಬದಿಯಲ್ಲಿ ಸುಳಿಯಾಗಿ ಬೀಳುತ್ತದೆ. ಅರ್ಧದಷ್ಟು ಗಾಳಿ ನುಸುಳಲು ಬಿಡುವ ಮರದ ಸಾಲು, ತನ್ನ ಎತ್ತರದ ಸುಮಾರು 10 ಪಟ್ಟು ದೂರದವರೆಗೆ ಗಾಳಿಯ ರಭಸ ತಗ್ಗಿಸುತ್ತದೆ.

ಯಾವ ಮರವಾದರೂ ಮೊಣಕಾಲೆತ್ತರದ ಸಸಿಯನ್ನೇ ತನ್ನಿ. ಎತ್ತರದ ಸಸಿ ಗಾಳಿಗೆ ಅಲುಗಾಡಿ ಬೇರು ಬಿಡಲು ಹೆಣಗುತ್ತದೆ. ಊರುಗೋಲಿಗೆ ಕೆಳಗಡೆ, ಸಡಿಲವಾಗಿ ಕಟ್ಟಿ. ಕಾಂಡ ತುಸು ತೂಗಿದರೇ ಬಲಿಯುವುದು. ಬುಡಕ್ಕೆ ತೊಗರಿ ಕಟ್ಟಿಗೆ ಹರಡಿದರೆ ಬಿರುಕು ಕಡಿಮೆ. ಹೊಂಗೆಯ ಕೆಳಗಿನ ಕೊಂಬೆಗಳನ್ನು ಮಾತ್ರ ದಯವಿಟ್ಟು ಕಡಿಯಬೇಡಿ, ಆ ಸಂದಿಯಲ್ಲಿ ಗಾಳಿ ಇನ್ನಷ್ಟು ಜೋರಾಗಿ ನುಗ್ಗುತ್ತದೆ. ತೋಟದ ಗೇಟನ್ನೂ ಪಶ್ಚಿಮಕ್ಕೆ ಇಡದಿರುವುದು ಇದೇ ಕಾರಣಕ್ಕೆ.